ಅರೆಕಾಲು, ವೀಸ, ಕಾಣಿ

ಇದ್ರಿಯಾದಲ್ಲಿ ಗಂಡಸರು ನೆಲದೊಳಗೆ ಇಳಿಯುತ್ತಾರೆ,
ಹೆಂಗಸರು ನಾವು ದುಂಡು ದಿಂಬಿನ ಮೇಲೆ ಲೇಸು ಹೆಣೆಯುತ್ತೇವೆ.
ನನ್ನ ಲೋವ್ರೊ ಇಳಿಯುತ್ತಿರಲಿಲ್ಲ; ಅವನದು ಕುಲುಮೆ.
ಇಂಗಳೀಕದ ಕೆಂಪು ಕಲ್ಲನ್ನು ಸುಟ್ಟು
ಗಂಧಕವನ್ನು ಹೊಗೆಗೆ ಬಿಟ್ಟು
ಪಾದರಸವನ್ನು ಕಬ್ಬಿಣದ ಬುದ್ದಲಿಗೆ ಇಳಿಸುವ ಕೆಲಸ.

ಮದುವೆಗೆ ಮುಂಚೆ ಅವನ ತಾಯಿ ಹೇಳಿದ್ದಳು:
ಹುಡುಗ ಪಾದರಸದಂಥವನು, ನಿಂತಲ್ಲಿ ನಿಲ್ಲುವುದಿಲ್ಲ.
ಹನ್ನೊಂದು ವರ್ಷಕ್ಕೆ ಮಾತು ನಿಜವಾಯಿತು.
ಚಮಚೆ ಬಾಯಿ ಮುಟ್ಟುವಷ್ಟರಲ್ಲಿ ಸೂಪು ಅಂಗಿಯ ಪಾಲು.
ಸಂಬಳದ ಪುಸ್ತಕದಲ್ಲಿ ಅವನ ಸಹಿ
ಶಾಯಿಗೆ ಬಿದ್ದ ಇರುವೆ ಎದ್ದು ನಡೆದ ಹಾಗೆ.

ಮದ್ದು ಊರಿಗೆಲ್ಲ ಗೊತ್ತಿತ್ತು.
ಗಣಿಯವರು ದಿನಕ್ಕೆ ಅರ್ಧ ಲೀಟರು ಹಾಲು ಕೊಟ್ಟರು;
ಚೆಲ್ಲಿದ್ದನ್ನೆಲ್ಲ ನೆಕ್ಕಿ ಬೆಕ್ಕು ದಪ್ಪಗಾಯಿತು.
ಬೆಳ್ಳುಳ್ಳಿ ಎಂದಳು ನೆರೆಯ ತಿಲ್ಕಾ;
ಒಂದು ಚಳಿಗಾಲವಿಡೀ ನಮ್ಮ ಹಾಸಿಗೆ ನಾರಿತು.
ಅಣ್ಣ ಗ್ರೆಗೊರ್ ಅವನನ್ನು ಒಲೆಯ ಹಿಂದೆ ಕೂರಿಸಿ
ಮೂರು ಕಂಬಳಿ ಹೊದಿಸಿದ: ಬೆವರಲಿ,
ಅಜ್ಜಂದಿರ ಕಾಲದಲ್ಲಿ ಹೀಗೇ ತೆಗೆಯುತ್ತಿದ್ದರು.
ಬೆವರಿದ. ಅಂಗಿ ಹಿಂಡಿ
ಬೋಗುಣಿಯ ತಳವನ್ನು ದೀಪಕ್ಕೆ ಹಿಡಿದು ನೋಡಿದೆ,
ಬೆಳ್ಳಗೆ ಉರುಳುವುದೇನಾದರೂ ಕಂಡೀತೇ ಎಂದು.
ಆರಿದ ಮೇಲೆ ಉಪ್ಪು.
ಯಾರೂ ನೋಡದಿದ್ದರೂ ನಾಚಿಕೆಯಾಯಿತು.

ಡಾಕ್ಟರ್ ಕೊಗೊಯ್ ಮೊದಲು ಸೂಜಿ ಹಿಡಿದರು.
ಕಡಲೆಕಾಯಿ ಎಣ್ಣೆಯಲ್ಲಿ ಕಲಸಿದ ಮದ್ದು,
ಯುದ್ಧದ ವಿಷಗಾಳಿಗೆಂದು ಹುಟ್ಟಿದ್ದಂತೆ.
ಕೋಣೆ ತುಂಬ ಕೊಳೆತ ವಾಸನೆ, ಸೊಂಟ ಕಲ್ಲು.
ನಾಲ್ಕನೇ ದಿನ ಅವರೇ ನಿಲ್ಲಿಸಿದರು:
ಇದು ಹಿಡಿದು ತರುತ್ತದೆ, ನಿಜ;
ದಾರಿಯಲ್ಲಿ ಒಂದಷ್ಟನ್ನು ತಲೆಯೊಳಗೆ ಇಳಿಸಿಬಿಟ್ಟೀತು.

ಆಮೇಲೆ ಗುಳಿಗೆ.
ದಿನಪೂರ್ತಿ ಮೂತ್ರ ಹಿಡಿದ ಕಂದು ಸೀಸೆಗಳು
ಅಡುಗೆಮನೆಯ ಕಿಟಕಿಯಾಚೆ, ಹಿಮದಲ್ಲಿ, ಸಾಲಾಗಿ.
ಲೆಕ್ಕ ಬಂತು: ನಾಲ್ಕು ಪಟ್ಟು ಹೊರಗೆ ಬೀಳುತ್ತಿದೆ.
ಕೈಗೆ ಓದು ಬರುತ್ತಿರಲಿಲ್ಲ, ನಡುಗುತ್ತಲೇ ಇತ್ತು.

ಏನಿದೆ ಇದರಲ್ಲಿ, ಕೇಳಿದೆ.
ಗಂಧಕವಮ್ಮಾ, ಎಂದರು ಡಾಕ್ಟರು,
ಪಾದರಸಕ್ಕೆ ಅದರ ಮೇಲೇ ಮೋಹ.
ಲೋವ್ರೊ ನಕ್ಕ. ಆ ವರ್ಷದ ಮೊದಲ ನಗು.
“ಹನ್ನೊಂದು ವರ್ಷ ಆ ಇಬ್ಬರನ್ನೂ ಬೆಂಕಿಯಲ್ಲಿ ಬಿಡಿಸಿ ಕೂಲಿ ತಗೊಂಡೆ.
ಈಗ ನನ್ನ ನೆತ್ತರಲ್ಲೇ ಅವರಿಗೆ ಮದುವೆ ಮಾಡಿಸ್ತೀರಾ?”

ಕೊನೆಗೆ ಬರೆದುಕೊಟ್ಟ ಮದ್ದಿಗೆ ಸೀಸೆಯಿರಲಿಲ್ಲ.
ಕುಲುಮೆ ಬಿಡು. ಗೇಟಿನಲ್ಲಿ ಬೀಗದ ಕೆಲಸ,
ಸಂಬಳದಲ್ಲಿ ಮೂರರಲ್ಲಿ ಒಂದು ಪಾಲು ಖೋತಾ.
ಎರಡು ತಿಂಗಳಿಗೆ ಅರ್ಧ ತಾನಾಗಿ ಹೋಗುತ್ತದೆ,
ಮತ್ತೆರಡಕ್ಕೆ ಉಳಿದುದರ ಅರ್ಧ.
ದಿಂಬಿನ ಮೇಲೆ ಕಡ್ಡಿ ದಾಟಿಸುತ್ತ ಎಣಿಸಿದೆ:
ಅರ್ಧ, ಕಾಲು, ಅರೆಕಾಲು,
ವೀಸ, ಅರೆವೀಸ,
ಕಾಣಿ.
ಅಲ್ಲಿಗೆ ಒಂದು ವರ್ಷ.
ಸೊನ್ನೆ ಎಂಬ ಮಾತು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಅವನ ಮದುವೆಯುಂಗುರವೂ ಬೆಳ್ಳಗಾಗಿತ್ತು.
ಕಾಯಿಸಿದರೆ ಹಾರಿಹೋಗುತ್ತೆ, ಹತ್ತೇ ನಿಮಿಷ,
ಎಂದ ಅಕ್ಕಸಾಲಿಗ ವಿಂಕೊ.
ಹಾರಿ ಎಲ್ಲಿಗೆ?
ಅವನು ಕಿಟಕಿಯತ್ತ ಗಲ್ಲ ತಿರುಗಿಸಿದ.
ಹೊರಗೆ ಅವನ ಮಗಳು ಹಗ್ಗ ಜಿಗಿಯುತ್ತಿದ್ದಳು.
ಹಿಮದಲ್ಲಿಟ್ಟ ಸೀಸೆಗಳು ನೆನಪಾದವು.
ಲೆಕ್ಕ ಮುಗಿದ ಮೇಲೆ ನಾನೇ ಅವನ್ನು ತೊಳೆದದ್ದು;
ಆ ನೀರು ಇದ್ರಿತ್ಸಾ ಹೊಳೆಗೆ,
ಹೊಳೆ ಕಡಲಿಗೆ, ಮೀನಿಗೆ,
ಶುಕ್ರವಾರದ ತಟ್ಟೆಗೆ.
ಉಂಗುರವನ್ನು ಹಾಗೇ ವಾಪಸು ತಂದೆ.

ನಿನ್ನೆ ಒಂದು ಜೊತೆ ಕಡ್ಡಿಗೆ ದಾರ ಸುತ್ತಿಕೊಡು ಎಂದೆ.
ಮೊದಲ ಸುತ್ತು ತಪ್ಪಿತು, ಎರಡನೆಯದು ಸಿಕ್ಕುಬಿತ್ತು.
ಏಳನೆಯದಕ್ಕೆ ಕಡ್ಡಿಯೇ ಜಾರಿ
ಒಲೆಯ ಕೆಳಗೆ ಉರುಳಿತು.
ನಾನು ದಿಂಬಿನಿಂದ ತಲೆ ಎತ್ತಲಿಲ್ಲ.
ಅವನು ಬಯ್ಯುತ್ತ, ಮೊಣಕಾಲೂರಿ,
ಕತ್ತಲಲ್ಲಿ ಕೈಯಾಡಿಸುತ್ತಿದ್ದ.